ಪ್ರೇಮಾ ಕಾರಂತರು ಏನೇನ್ ಮಾಡಿದ್ರು?

ಪ್ರಶ್ನೆ: ಸರ್, ‘ಹಂಸಗೀತೆ’ಗೆ ಕಾಸ್ಟ್ಯೂಮ್ಸ್ ಮಾಡಿದ ಪ್ರೇಮಾ ಕಾರಂತರೇ ‘ಫಣಿಯಮ್ಮ’ ಡೈರೆಕ್ಟ್ ಮಾಡಿದ್ದಾ?

ಉತ್ತರ: ಹೌದ್ರಿ, ಅವ್ರೇ. ಜಿ.ವಿ. ಅಯ್ಯರ್ ಡೈರೆಕ್ಟ್ ಮಾಡಿದ 1975ರ ‘ಹಂಸಗೀತೆ’ ಸಿನಿಮಾಗೆ ಬಟ್ಟೆಬರೆ ನೋಡ್ಕೊಂಡ್ರು, ಆಮೇಲೆ ಅಯ್ಯರ್ ಅವರದ್ದೇ ‘ಕುದುರೆ ಮೊಟ್ಟೆ’ಗೆ ಆರ್ಟ್ ಡೈರೆಕ್ಷನ್ನು, 1983ರಲ್ಲಿ ಎಂ.ಕೆ. ಇಂದಿರಾ ಕಾದಂಬರಿ ತಗೊಂಡು ‘ಫಣಿಯಮ್ಮ’ನ ಪ್ರೇಮಾ ಅವ್ರೇ ಡೈರೆಕ್ಟ್ ಮಾಡಿದ್ರು, ಬಾಲವಿಧವೆ ಕಥೆ ಅದು, ಎಲ್ಲೂ ಕಿರುಚಾಟ ಇಲ್ಲ, ನೋಡಿ ಮುಗಿದ್ಮೇಲೂ ಎದೆ ಭಾರ ಇಳಿಯಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಲಿ (ಎನ್‌ಎಸ್‌ಡಿ) ಕಲಿತವ್ರು, ಮಕ್ಕಳಿಗೆ ನಾಟಕ ಮಾಡ್ಸೋದಂದ್ರೆ ಪ್ರಾಣ ಆಗಿತ್ತು. ಇಷ್ಟೆಲ್ಲ ಮಾಡಿದ್ರೂ ಇವತ್ತಿಗೂ ಸುಮಾರು ಜನ ನಾಟಕ ನಿರ್ದೇಶಕ ಬಿ.ವಿ. ಕಾರಂತರ ಹೆಂಡ್ತಿ ಅಂತಷ್ಟೇ ಹೇಳ್ತಾರೆ, ನಂಗೆ ತುಂಬಾ ಬೇಜಾರಾಗುತ್ತೆ. ‘ಫಣಿಯಮ್ಮ’ ಸಿಕ್ರೆ ಬಿಡದೆ ನೋಡಿ.