2⁶⁷ − 1 ಪರೀಕ್ಷೆಯಲ್ಲಿ ಪಾಸಾದರೂ ಅವಿಭಾಜ್ಯವೇಕಲ್ಲ?

ಪ್ರಶ್ನೆ: 2⁶⁷ − 1, ಅಂದರೆ 147573952589676412927, ಅವಿಭಾಜ್ಯವೇ ಎಂದು ನೋಡಲು 2ನ್ನು ಆಧಾರವಾಗಿಟ್ಟು ಕಂಪ್ಯೂಟರಿನಲ್ಲಿ ಫರ್ಮಾ ಪರೀಕ್ಷೆ (ಆಧಾರವನ್ನು ಆ ಸಂಖ್ಯೆಗಿಂತ 1 ಕಡಿಮೆಯ ಘಾತಕ್ಕೆ ಏರಿಸಿ, ಅದೇ ಸಂಖ್ಯೆಯಿಂದ ಭಾಗಿಸಿ ಶೇಷ ನೋಡುವುದು) ಮಾಡಿದೆ, ಶೇಷ 1 ಬಂತು. ಆದರೆ ಇದು ಸಂಯುಕ್ತ ಸಂಖ್ಯೆ ಎಂದು ಓದಿದ್ದೇನೆ. ನನ್ನ ಲೆಕ್ಕ ತಪ್ಪೇ? ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದರ ಅಪವರ್ತನಗಳನ್ನು ಹೇಗೆ ಹುಡುಕಿದರು?

ಉತ್ತರ: ಲೆಕ್ಕ ಸರಿಯಾಗಿಯೇ ಇದೆ, ಈ ಸಂಖ್ಯೆಯ ಮಟ್ಟಿಗೆ ಆಧಾರ 2 ಏನನ್ನೂ ಪರೀಕ್ಷಿಸುವುದಿಲ್ಲ, ಅಷ್ಟೆ. ಸಂಖ್ಯೆ ಅವಿಭಾಜ್ಯವಾಗಿದ್ದರೆ ಶೇಷ 1 ಬರಲೇಬೇಕು ಎನ್ನುತ್ತದೆ ಫರ್ಮಾ ಪ್ರಮೇಯ. 1 ಬಂದ ಮಾತ್ರಕ್ಕೆ ಸಂಖ್ಯೆ ಅವಿಭಾಜ್ಯ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಇಲ್ಲಂತೂ 1 ಬಿಟ್ಟು ಬೇರೆ ಶೇಷ ಬರುವಂತೆಯೇ ಇಲ್ಲ. 2⁶⁷ನ್ನು 2⁶⁷ − 1ರಿಂದ ಭಾಗಿಸಿದರೆ ಶೇಷ 1 ಎಂಬುದು ಕಣ್ಣಿಗೇ ಕಾಣುತ್ತದೆ. ಪರೀಕ್ಷೆಯಲ್ಲಿ ನೀವು ಬಳಸಿದ ಘಾತ 2⁶⁷ − 2. 67 ಅವಿಭಾಜ್ಯವಾದ್ದರಿಂದ, ಅದೇ ಫರ್ಮಾ ಪ್ರಮೇಯದ ಪ್ರಕಾರ, ಆ ಘಾತ 67ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಹಾಗಾಗಿ ನೀವು ಮಾಡಿದ್ದು 1ನ್ನೇ ಮತ್ತೆ ಮತ್ತೆ 1ರಿಂದ ಗುಣಿಸಿದ ಕೆಲಸ. 2¹¹ − 1 = 2047 ಕೂಡ ಇದೇ ಕಾರಣಕ್ಕೆ ಪಾಸಾಗುತ್ತದೆ, ಆದರೆ ಅದು 23 × 89. ಆಧಾರವನ್ನು 3 ಮಾಡಿದರೆ 2047 ಸಿಕ್ಕಿಬೀಳುತ್ತದೆ.

ಫ್ರೆಂಚ್ ಗಣಿತಜ್ಞ ಮೆರ್ಸೆನ್ 1644ರಲ್ಲಿ ಕೊಟ್ಟ ಅವಿಭಾಜ್ಯಗಳ ಪಟ್ಟಿಯಲ್ಲಿ 2⁶⁷ − 1 ಸೇರಿತ್ತು. ಅದು ಅವಿಭಾಜ್ಯವಲ್ಲ ಎಂದು 1876ರಲ್ಲಿ ಫ್ರೆಂಚ್ ಗಣಿತಜ್ಞ ಲೂಕಾ ತೋರಿಸಿದರು, ಅದೂ ಒಂದೇ ಒಂದು ಅಪವರ್ತನವನ್ನು ಹೆಸರಿಸದೆ. ಕಥೆಯಾಗಿ ಪ್ರಸಿದ್ಧವಾದದ್ದು ಮುಂದೆ ಅಮೆರಿಕದ ಗಣಿತಜ್ಞ ಕೋಲ್ ಎರಡು ಅಪವರ್ತನಗಳನ್ನು ಗುಣಿಸಿ ತೋರಿಸಿದ್ದಾದರೂ ನನಗೆ ಇದೇ ಹೆಚ್ಚು ಸೋಜಿಗದ ಸಂಗತಿ. ಲೂಕಾ ವಿಧಾನವನ್ನು ಅಮೆರಿಕದ ಗಣಿತಜ್ಞ ಲೆಹ್ಮರ್ ಮುಂದೆ ಸರಳಗೊಳಿಸಿದ ರೂಪ ಹೀಗಿದೆ: 4ರಿಂದ ಹೊರಟು, ಪ್ರತಿ ಸಲವೂ ವರ್ಗ ಮಾಡಿ, 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಬಂದ ಶೇಷವನ್ನು ಮಾತ್ರ ಮುಂದಕ್ಕೆ ಒಯ್ಯಬೇಕು. 2047ಕ್ಕೆ 4, 14, 194, 788, 701, 119, 1877, 240, 282, 1736 ಎಂದು ಬರುತ್ತದೆ. ಒಂಬತ್ತನೆಯ ಹೆಜ್ಜೆಗೆ (ಘಾತ 11ಕ್ಕಿಂತ 2 ಕಡಿಮೆ) ಶೇಷ ಸೊನ್ನೆಯಾಗಿದ್ದರೆ ಅವಿಭಾಜ್ಯ, ಆಗಿಲ್ಲ. 2⁶⁷ − 1ಕ್ಕೆ ಇಂಥ 65 ಹೆಜ್ಜೆಗಳು ಸಾಕು.

ಅಪವರ್ತನಗಳನ್ನು ಹುಡುಕುವುದು ಬೇರೆಯೇ ಕೆಲಸ. 1903ರಲ್ಲಿ ಕೋಲ್ ಕೊಟ್ಟ ಉತ್ತರ 193707721 × 761838257287. ಇಂಥ ಸಂಖ್ಯೆಯ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 134ರ (ಅಂದರೆ 2 × 67ರ) ಅಪವರ್ತ್ಯಕ್ಕೆ 1 ಕೂಡಿಸಿದ ರೂಪದಲ್ಲಿರಬೇಕು, ಜೊತೆಗೆ 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಬೇಕು. ಚಿಕ್ಕ ಅಪವರ್ತನ 134 × 1445580 + 1. 8ರಿಂದ ಭಾಗಿಸಿದರೆ ಶೇಷ 1. ಎರಡೂ ನಿಬಂಧನೆಗಳನ್ನು ಹಾಕಿದ ಮೇಲೂ ಅಲ್ಲಿಯವರೆಗೆ 7,22,790 ಸಂಖ್ಯೆಗಳು ಉಳಿಯುತ್ತವೆ. 3, 5, 7ರಿಂದ ಭಾಗವಾಗುವವನ್ನು ಬಿಟ್ಟರೂ ಮೂರು ಲಕ್ಷಕ್ಕೆ ಕಡಿಮೆಯಿಲ್ಲ, ಆದ್ದರಿಂದ ಕೈಲೆಕ್ಕದಲ್ಲಿ ಒಂದೊಂದಾಗಿ ಭಾಗಿಸಿ ನೋಡುವುದು ಆಗುವ ಮಾತಲ್ಲ.

ಎರಡೂ ಅಪವರ್ತನಗಳು ಅವಿಭಾಜ್ಯಗಳಾದ್ದರಿಂದ ಈ ಸಂಖ್ಯೆಗೆ ಭಾಜಕಗಳು ನಾಲ್ಕೇ: 1, ಆ ಎರಡು, ಮತ್ತು ಸ್ವತಃ ಅದೇ.