ಐಟಿಐ ಎಲೆಕ್ಟ್ರಿಷಿಯನ್, ಪೀಣ್ಯದಲ್ಲಿ ಅಪ್ರೆಂಟಿಸ್‌ಶಿಪ್, ಐದು ವರ್ಷ ಅನುಭವ: ಜರ್ಮನಿಯಲ್ಲಿ ಇದಕ್ಕೆ ಮಾನ್ಯತೆ ಸಿಗುತ್ತದಾ?

ಸಿಗುತ್ತದೆ. ಆದರೆ ಐಟಿಐ ಸರ್ಟಿಫಿಕೇಟ್ ಮತ್ತು ಎನ್‌ಎಸಿ (ಅಪ್ರೆಂಟಿಸ್‌ಶಿಪ್ ಮುಗಿಸಿದ್ದಕ್ಕೆ ಸಿಗುವ ರಾಷ್ಟ್ರೀಯ ಸರ್ಟಿಫಿಕೇಟ್), ಇವೆರಡನ್ನೇ ನಂಬಿ ಅರ್ಜಿ ಹಾಕಬೇಡಿ. ನಿಮ್ಮ ಕೈಯಲ್ಲಿರುವ ದೊಡ್ಡ ಬಲ ಆ ಐದು ವರ್ಷದ ಕೆಲಸ. ನಾನೂ ಇದೇ ದಾರಿಯಲ್ಲಿ ಬಂದವನು, ಈಗ ಸ್ಟುಟ್‌ಗಾರ್ಟ್ ಹತ್ತಿರ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೇನೆ.

ಹೊರದೇಶದಲ್ಲಿ ಕಲಿತ ಕಸುಬನ್ನು ತಮ್ಮ ತರಬೇತಿಯ ಜೊತೆ ಹೋಲಿಸಿ ನೋಡಿ ಎಂದು ಕೇಳುವ ಹಕ್ಕನ್ನು ಜರ್ಮನಿ 2012ರ ಕಾನೂನಿನಲ್ಲಿ ಕೊಟ್ಟಿದೆ. ಅಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಮೂರೂವರೆ ವರ್ಷದ್ದು. ನಮ್ಮ ಐಟಿಐ ಎರಡು ವರ್ಷ, ಅದರ ಮೇಲೆ ಅಪ್ರೆಂಟಿಸ್‌ಶಿಪ್. ಹೀಗಾಗಿ ಒಂದಷ್ಟು ಕೊರತೆ ಕಂಡೇ ಕಾಣುತ್ತದೆ. ಆ ಕೊರತೆಯನ್ನು ಅನುಭವದಿಂದ ತುಂಬಿಕೊಳ್ಳಲು ಅದೇ ಕಾನೂನು ಅವಕಾಶ ಕೊಡುತ್ತದೆ.

ನಮ್ಮವರಿಗೆ ಪೆಟ್ಟು ಬೀಳುವುದು ಇಲ್ಲೇ. ನಮ್ಮ ಕಂಪನಿಗಳು ಕೊಡುವ ಎಕ್ಸ್‌ಪೀರಿಯೆನ್ಸ್ ಲೆಟರ್ ಮೂರೇ ಸಾಲು: ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಇದ್ದರು, ನಡತೆ ಚೆನ್ನಾಗಿತ್ತು, ಒಳ್ಳೆಯದಾಗಲಿ. ಅಲ್ಲಿ ಕೂತು ಕಡತ ನೋಡುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಪ್ಯಾನೆಲ್ ಡ್ರಾಯಿಂಗ್ ನೋಡಿ ವೈರಿಂಗ್ ಮಾಡಿದ್ದು, ಮೆಗ್ಗರ್ ಹಿಡಿದು ಇನ್ಸುಲೇಶನ್ ಪರೀಕ್ಷೆ ಮಾಡಿದ್ದು, ಡ್ರೈವ್‌ಗೆ ಪ್ಯಾರಾಮೀಟರ್ ಹಾಕಿದ್ದು, ಪಿಎಲ್‌ಸಿ ಇನ್‌ಪುಟ್ ಫಾಲ್ಟ್ ಹುಡುಕಿದ್ದು, ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಮಾಡದ ಕೆಲಸ ಮಾತ್ರ ಬರೆಸಬೇಡಿ. ಸೂಪರ್‌ವೈಸರ್ ಜೊತೆ ಸಂಬಂಧ ಚೆನ್ನಾಗಿರುವಾಗಲೇ, ರಾಜೀನಾಮೆಗೆ ಮುಂಚೆ, ಕರಡು ನೀವೇ ಬರೆದು ಒಯ್ಯಿರಿ. ನಾನು ಹಾಗೇ ಮಾಡಿದ್ದೆ. ಕಂಪನಿ ಮುಚ್ಚಿಹೋಗಿ ಕಾಗದವೇ ಸಿಗದಂತಾಗಿದ್ದರೂ ದಾರಿಯಿದೆ: ಪರಿಣತರ ಮುಂದೆ ಕೆಲಸ ಮಾಡಿ ತೋರಿಸಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಸಾಬೀತು ಮಾಡಬಹುದು.

ಕಾರ್ಖಾನೆಯ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಅರ್ಜಿ ಹೋಗುವುದು ನ್ಯೂರೆಂಬರ್ಗ್‌ನಲ್ಲಿರುವ ಐಎಚ್‌ಕೆ ಫೋಸಾಗೆ, ಅಂದರೆ ಹೊರದೇಶದ ತರಬೇತಿಯನ್ನು ಹೋಲಿಸಿ ನೋಡುವ ಕೈಗಾರಿಕಾ ಚೇಂಬರ್‌ಗಳ ಕಚೇರಿಗೆ. ಕಟ್ಟಡಗಳ ವೈರಿಂಗ್ ಕಡೆ ಹೋಗುವುದಾದರೆ ಆಯಾ ಊರಿನ ಕುಶಲಕರ್ಮಿಗಳ ಚೇಂಬರ್‌ಗೆ. ಐದು ವರ್ಷ ನೀವು ಯಾವುದು ಹೆಚ್ಚು ಮಾಡಿದ್ದೀರೋ ಅದನ್ನೇ ಆರಿಸಿ. ಫೋಸಾ ಶುಲ್ಕ ಸಾಮಾನ್ಯವಾಗಿ 100ರಿಂದ 600 ಯೂರೋ ಒಳಗೆ, ಕಾಗದ ಪೂರ್ತಿಯಾದ ಮೇಲೆ ಮೂರು ತಿಂಗಳಲ್ಲಿ ತೀರ್ಮಾನ. ಏಜೆಂಟರು ‘ಅನಾಬಿನ್‌ನಲ್ಲಿ ನೋಡಿ’ ಅಂದರೆ ಕಿವಿಗೊಡಬೇಡಿ, ಅದು ಪದವಿಗಳ ಪಟ್ಟಿ.

ಉತ್ತರ ‘ಭಾಗಶಃ ಸಮಾನ’ ಎಂದು ಬಂದರೆ ಎದೆಗುಂದಬೇಡಿ. ನನಗೂ ಹಾಗೇ ಬಂತು. ಯಾವುದು ಕಡಿಮೆ ಅನ್ನುವುದನ್ನು ಅವರೇ ಬರೆದು ಕೊಡುತ್ತಾರೆ. ಜರ್ಮನಿಯ ವಾಸ್ತವ್ಯ ಕಾನೂನಿನ 16ಡಿ ಕಲಮಿನ ವೀಸಾದಲ್ಲಿ ಬಂದು, ಕಂಪನಿಯೊಂದರಲ್ಲಿ ದುಡಿಯುತ್ತಲೇ ಅಷ್ಟನ್ನು ಕಲಿತು ಮತ್ತೆ ಅರ್ಜಿ ಹಾಕಬಹುದು. ಮಾರ್ಚ್ 2024ರಿಂದ ಇನ್ನೊಂದು ದಾರಿಯೂ ತೆರೆದಿದೆ: ಜರ್ಮನಿಯ ಕಂಪನಿಯ ಜೊತೆ ಒಪ್ಪಂದವಾಗಿದ್ದರೆ ಮೊದಲು ಬಂದು ಕೆಲಸ ಶುರುಮಾಡಿ, ಮಾನ್ಯತೆಯ ಅರ್ಜಿಯನ್ನು ಜರ್ಮನಿಯಿಂದಲೇ ನಡೆಸಬಹುದು. ಇದಕ್ಕೆ ಕನಿಷ್ಠ ಎರಡು ವರ್ಷದ, ಸರ್ಕಾರಿ ಮಾನ್ಯತೆಯ ತರಬೇತಿ ಬೇಕು. ನಿಮ್ಮ ಐಟಿಐ ಎರಡು ವರ್ಷದ್ದೇ ಆದ್ದರಿಂದ ಇದನ್ನೂ ವಿಚಾರಿಸಿ.

ಫೋಸಾ ಅರ್ಜಿಗೆ ಜರ್ಮನ್ ಪರೀಕ್ಷೆ ಕೇಳುವುದಿಲ್ಲ. ವೀಸಾಕ್ಕೆ ಸಾಮಾನ್ಯವಾಗಿ ಜರ್ಮನ್ ಭಾಷೆಯ ಎ2 ಮಟ್ಟ (ಕಲಿಕೆಯ ಎರಡನೇ ಹಂತ) ಬೇಕು. ಅರ್ಜಿಯ ಉತ್ತರ ಬರಲಿ ಎಂದು ಕಾಯದೆ ಕ್ಲಾಸಿಗೆ ಈಗಲೇ ಸೇರಿಕೊಳ್ಳಿ.