ಗಪ್ಪನಾದ ಕೂಸು ನಿನ್ನ ದನಿಯನ್ನೇ ಕೇಳುತ್ತಿದೆ

ಪತ್ರ:

ಅಕ್ಕಾರ, ನಾನು ಗುಳೇದಗುಡ್ಡದಾಕಿ, ವಯಸ್ಸು 24. ಸ್ವಂತ ಸೋದರಮಾವಗ ಕೊಟ್ಟಾರ. ಮನ್ಯಾಗ ಖಣದ ಮಗ್ಗ ಐತಿ. ಹೆಣ್ಣು ಕೂಸಿಗೆ ಈಗ ಹತ್ತು ತಿಂಗಳು. ಮೂರನೇ ತಿಂಗಳಿಂದ ಕಣ್ಣು ಅತ್ತಿತ್ತ ಓಡಾಡತಾವ, ನಮ್ಮನ್ನ ನೋಡೂದಿಲ್ಲ. ದೊಡ್ಡ ಆಸ್ಪತ್ರ್ಯಾಗ ತೋರಿಸಿದ್ವಿ. ಕಣ್ಣಿನ ಹಿಂದಿನ ಪರದೆ, ರೆಟಿನಾ, ಸರಿ ಬೆಳೆದಿಲ್ಲ, ಆಪರೇಷನ್ ಮಾಡಿ ಉಪಯೋಗಿಲ್ಲ, ವರ್ಷ ಬಿಟ್ಟು ಬರ್ರಿ ಅಂದ್ರು. ಬಲ್ಬ್ ಹಚ್ಚಿದ್ರ ಆ ಕಡೆ ಮುಖ ಮಾಡತೈತಿ. ನಮ್ಮ ಮನೆಯವರು ಸಾಲ ತಗದು ಬೆಂಗಳೂರಿಗೆ ಹೋಗೂಣು, ನನ್ನ ಒಂದು ಕಣ್ಣು ಕೊಡತೀನಿ ಅಂತಾರ. ನಮ್ಮತ್ತಿ, ಅಂದ್ರ ನನ್ನ ಅಜ್ಜೀನ, ನೀ ಗ್ರಹಣದಾಗ ಹೊರಗ ಬಂದಿದ್ದಿ ಅದಕ್ಕ ಹಿಂಗಾತು, ಐದು ವರ್ಷ ಆದಮ್ಯಾಲೆ ಗದಗಿನ ಆಶ್ರಮಕ್ಕ ಬಿಡೂಣು, ಅಲ್ಲೀತನಾ ಉಣಿಸಿ ಮಲಗಿಸು ಸಾಕು ಅಂತಾರ. ಸಣ್ಣ ಮಕ್ಕಳಿಗೆ ತರಬೇತಿ ಕೊಡತಾರಂತ ಕೇಳೀನಿ. ಬಾಗಲಕೋಟೆಗೆ ಹೋಗತೀನಂದ್ರ, ಕುರುಡಿ ಅಂತ ಕಾರ್ಡ್ ಆದ್ರ ಮನೆತನದ ಹೆಸರು ಹೋಗತೈತಿ ಅಂತ ತಡೀತಾರ. ಎಲ್ಲಾಕ್ಕಿಂತ ಹೆಚ್ಚು ಸಂಕಟ ಅಂದ್ರ, ನಾ ಮಾತಾಡಿಸಿದ ಕೂಡಲೇ ಕೂಸು ಕೈಕಾಲು ಆಡಸೂದು ನಿಲ್ಲಿಸಿ ಗಪ್ಪನ ಆಗತೈತಿ. ಅದಕ್ಕ ನನ್ನ ಗುರುತೇ ಇಲ್ಲೇನ್ರಿ?

ಉತ್ತರ:

ತಂಗೀ, ನೀನು ನನ್ನ ಮಗಳ ವಾರಿಗೆಯವಳು, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ನಿನ್ನ ಕಡೆಯ ಸಾಲಿಗೇ ಮೊದಲು ಉತ್ತರ. ಕೂಸಿಗೆ ನಿನ್ನ ಗುರುತಿದೆ. ಕಣ್ಣು ಕಾಣುವ ಕೂಸು ತಾಯಿಯ ದನಿ ಕೇಳಿದರೆ ಕೈಕಾಲು ಬಡಿದು ಅವಳತ್ತ ಹೊರಳುತ್ತದೆ. ಕಣ್ಣು ಕಾಣದ ಕೂಸು ಅಲುಗಾಡುವುದನ್ನು ನಿಲ್ಲಿಸಿ ಮೈಯೆಲ್ಲ ಕಿವಿಯಾಗಿ ಕೇಳುತ್ತದೆ. ನೀನು ನೋಡಿದ್ದು ಅದನ್ನೇ. ಮುಂದಿನ ಸಲ ಮಾತಾಡಿಸುವಾಗ ಅದರ ಮುಖ ಬಿಟ್ಟು ಬೆರಳು ನೋಡು. ಮುಖ ಸುಮ್ಮನಿದ್ದರೂ ಬೆರಳುಗಳು ಮೆಲ್ಲಗೆ ಬಿಚ್ಚಿ ಮುಚ್ಚಿ ನಿನ್ನನ್ನು ಹುಡುಕುತ್ತಿರುತ್ತವೆ. ಇದು ಗೊತ್ತಿಲ್ಲದೆ ಎಷ್ಟೋ ತಾಯಂದಿರು, ಕೂಸು ಸ್ಪಂದಿಸುವುದಿಲ್ಲ ಎಂದು ಮಾತಾಡಿಸುವುದನ್ನೇ ಕಡಿಮೆ ಮಾಡುತ್ತಾರೆ. ಕೂಸಿನ ಪಾಲಿಗೆ ಆಗ ತಾಯಿ ಮನೆಯಲ್ಲಿ ಇದ್ದೂ ಇಲ್ಲದ ಹಾಗೆ.

ಈಗ ಐದು ವರ್ಷದ ಮಾತು. ಅಂಧ ಮಕ್ಕಳ ಮನೆಗಳಿಗೆ ಹೋಗಿ ಬಂದು ಮಾಡುತ್ತಿದ್ದ ಕಾಲದಲ್ಲಿ ಅಥಣಿ ಕಡೆಯ ಒಂದು ಊರಲ್ಲಿ ಮೂರೂವರೆ ವರ್ಷದ ಹುಡುಗನನ್ನು ನೋಡಿದ್ದೆ. ಬಹಳ ಪ್ರೀತಿಯ ಮನೆ. ಬಿದ್ದಾನು ಎಂದು ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ದಾಟಿಸಿಯೇ ಬೆಳೆಸಿದ್ದರು. ನಾನು ಅವನನ್ನು ನೆಲಕ್ಕೆ ಇಳಿಸಿದರೆ, ಕಾದ ಹಂಚಿಗೆ ತಾಗಿದವನ ಹಾಗೆ ಎರಡೂ ಪಾದ ಮೇಲಕ್ಕೆತ್ತಿಕೊಂಡ. ಅಂಗಾಲಿಗೆ ನೆಲ ಗೊತ್ತೇ ಇರಲಿಲ್ಲ. ಗಂಟಲಿಗೆ ಸಿಕ್ಕೀತು ಎಂದು ಹಾಲನ್ನ ಕಿವುಚಿ ಉಣಿಸುತ್ತಿದ್ದರು, ರೊಟ್ಟಿಯ ಚೂರು ಅಗಿಯಲೂ ಬರುತ್ತಿರಲಿಲ್ಲ. ಅವನ ಕಾಲಿಗಾಗಲಿ ಹಲ್ಲಿಗಾಗಲಿ ಯಾವ ದೋಷವೂ ಇರಲಿಲ್ಲ. ಆ ಕಾಲು ನೆಲಕ್ಕೆ ಊರುವುದಕ್ಕೆ ತಿಂಗಳುಗಟ್ಟಲೆ ಬೇಕಾಯಿತು. ಅದಕ್ಕೇ, ಐದು ವರ್ಷ ಕಾಯುವ ಮಾತು ಕೇಳಿದರೆ ನನಗೆ ಹೊಟ್ಟೆಯೊಳಗೆ ಕಲಸಿದಂತಾಗುತ್ತದೆ.

ಕಣ್ಣು ಕಾಣುವ ಕೂಸು ಬಣ್ಣದ ವಸ್ತು ಕಂಡು ಕೈ ಚಾಚುತ್ತದೆ, ಕೈ ಚಾಚಿ ಚಾಚಿಯೇ ಅಂಬೆಗಾಲಿಡುತ್ತದೆ. ನಿನ್ನ ಕೂಸನ್ನು ಹಾಗೆ ಮುಂದಕ್ಕೆ ಎಳೆಯುವಂಥದ್ದು ಎದುರಿಗೆ ಏನೂ ಇಲ್ಲ. ಕೈಯಿಂದ ಗಿಲಕಿ ಬಿದ್ದರೆ ಅದರ ಪಾಲಿಗೆ ಆ ಗಿಲಕಿ ಲೋಕದಲ್ಲೇ ಇಲ್ಲ. ಸದ್ದು ಬಂದಲ್ಲಿ ಒಂದು ವಸ್ತು ಇದೆ ಎಂಬ ತಿಳಿವಳಿಕೆ ಇಂಥ ಮಕ್ಕಳಿಗೆ ಮೊದಲ ವರ್ಷ ಮುಗಿಯುವ ಹೊತ್ತಿಗೆ ಮೆಲ್ಲಗೆ ಮೂಡುತ್ತದೆ, ಅದೂ ಯಾರಾದರೂ ದಿನಾ ಆಡಿಸಿದರೆ. ನಿನ್ನ ಕೂಸಿಗೆ ಹತ್ತು ತಿಂಗಳು. ಸರಿಯಾದ ಹೊತ್ತಿಗೇ ಬರೆದಿದ್ದೀ.

ನಾಳೆಯಿಂದಲೇ ಕೌದಿ ಹಾಸಿ ಕೂಸನ್ನು ಬೋರಲು ಮಲಗಿಸು. ಕೌದಿಯಲ್ಲಿ ಹಳೇ ಇಳಕಲ್ ಸೀರೆಯ ತುಂಡು, ಕಾಟನ್ ಚೂರು, ದಪ್ಪ ಹೊಲಿಗೆ ಎಲ್ಲ ಇರುತ್ತವೆ, ಅಂಗೈಗೆ ಅದಕ್ಕಿಂತ ಒಳ್ಳೆ ಆಟಿಕೆ ಪೇಟೆಯಲ್ಲಿ ಸಿಗುವುದಿಲ್ಲ. ನಿನ್ನ ಬಳೆ ಒಂದನ್ನು ಕೂಸಿನ ಕೈಗೆ ತಾಗಿಸಿ, ಅಲ್ಲೇ ಹತ್ತಿರ ಸದ್ದು ಮಾಡಿಸಿ, ಹುಡುಕಲು ಬಿಡು. ಕೈಯನ್ನು ಹಿಡಿದು ಎಳೆಯಬೇಡ. ನಿನ್ನ ಕೈ ಕೆಳಗಿರಲಿ, ಅದರ ಕೈ ನಿನ್ನ ಕೈ ಮೇಲಿರಲಿ. ಜೋಳದ ಹಿಟ್ಟು ನಾದುವಾಗಲೂ ಹಾಗೆಯೇ. ಬೇಡವಾದರೆ ಕೈ ತೆಗೆದುಕೊಳ್ಳುವ ಸ್ವಾತಂತ್ರ್ಯ ಅದಕ್ಕಿರಬೇಕು. ಕಣ್ಣು ಕಾಣದ ಮಗುವಿಗೆ ಕೈಯೇ ಕಣ್ಣು, ಜಗ್ಗಿದರೆ ಮುಚ್ಚಿಕೊಳ್ಳುತ್ತದೆ. ಎತ್ತಿಕೊಳ್ಳುವ ಮುನ್ನ ಹೆಸರು ಹಿಡಿದು ಕರೆದು ಹೆಗಲು ಮುಟ್ಟು, ಆಮೇಲೆ ಎತ್ತು. ಇಲ್ಲವಾದರೆ ಆಕಾಶದಿಂದ ಯಾರೋ ಕಿತ್ತುಕೊಂಡ ಹಾಗೆ ಅದಕ್ಕೆ ಅನಿಸುತ್ತದೆ. ಎರೆಯುವ ಮೊದಲು ತಂಬಿಗೆ ಮುಟ್ಟಿಸು, ಉಣಿಸುವ ಮೊದಲು ಚಮಚ ಮುಟ್ಟಿಸು. ಮುಂದೇನು ಬರುತ್ತದೆ ಎಂದು ತಿಳಿದ ಕೂಸು ಕಡಿಮೆ ಅಳುತ್ತದೆ.

ಮಗ್ಗದ ವಿಷಯ ಬೇರೆ ಹೇಳಬೇಕು. ಕಿವಿಯಿಂದ ಲೋಕ ಕಲಿಯುವ ಕೂಸಿಗೆ ದಿನವಿಡೀ ಮಗ್ಗದ ಬಡಿತ, ಅದರ ಮೇಲೆ ಟಿವಿ ಎಂದರೆ ನಮ್ಮ ಕಣ್ಣಿಗೆ ಮಂಜು ಕವಿದಂತೆ. ಮಗ್ಗ ಅನ್ನ ಕೊಡುವಂಥದ್ದು, ನಿಲ್ಲಿಸು ಎನ್ನುವುದಿಲ್ಲ. ದಿನಕ್ಕೆ ಎರಡು ಹೊತ್ತು ಅರ್ಧರ್ಧ ತಾಸು ಕೂಸಿನೊಂದಿಗೆ ಹಿತ್ತಲ ಕಡೆ ಕೂತು ಆಡಿಸು. ಟಿವಿ ಬಂದ್ ಮಾಡು.

ಬಲ್ಬಿನ ಕಡೆ ಮುಖ ಮಾಡುತ್ತದೆ ಎಂದು ಬರೆದಿದ್ದೀ. ಅದನ್ನು ಎರಡು ಸಲ ಓದಿದೆ. ಒಂದಿಷ್ಟು ಬೆಳಕು ಒಳಗೆ ಹೋಗುತ್ತಿದೆ ಎಂದಾಯಿತು. ದೃಷ್ಟಿದೋಷ ಇರುವ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಅಷ್ಟಿಷ್ಟು ನೋಟ ಉಳಿದಿರುತ್ತದೆ, ಅದನ್ನು ಬಳಸುವುದನ್ನು ಕಲಿಸಬಹುದು. ಕರಿ ಕಂಬಳಿ ಹಾಸಿ ಅದರ ಮೇಲೆ ಒಂದೇ ಒಂದು ಹಳದಿ ವಸ್ತುವನ್ನೋ ಹೊಳೆಯುವ ಸ್ಟೀಲ್ ಬಟ್ಟಲನ್ನೋ ಹತ್ತಿರ ಇಡು. ಬೆಳಕು ಕೂಸಿನ ಬೆನ್ನ ಹಿಂದಿನಿಂದ ಬರಲಿ. ನಿಮ್ಮ ಖಣ ಎಷ್ಟೇ ಚೆಂದವಿದ್ದರೂ ಚಿತ್ತಾರ ತುಂಬಿದ ಬಟ್ಟೆ ಈಗ ಬೇಡ, ಒಂದೇ ಬಣ್ಣದ್ದು ಇರಲಿ.

ನಿನ್ನ ಗಂಡ ಕಣ್ಣು ಕೊಡುತ್ತೇನೆ ಎಂದದ್ದು ಓದಿ ಮನಸ್ಸು ತುಂಬಿ ಬಂತು. ಆದರೆ ಅವನಿಗೆ ಹೇಳು, ನೇತ್ರದಾನದಲ್ಲಿ ಹಚ್ಚುವುದು ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಕಾರ್ನಿಯಾವನ್ನು ಮಾತ್ರ. ಇಡೀ ಕಣ್ಣು ಬದಲಿಸಿ ನೋಟ ತರಿಸುವ ಆಪರೇಷನ್ ಇಲ್ಲ, ರೆಟಿನಾದ ದೋಷಕ್ಕೆ ಕಾರ್ನಿಯಾ ಪರಿಹಾರವಲ್ಲ. ಸಾಲ ಬೇಡ. ಇನ್ನೊಬ್ಬ ರೆಟಿನಾ ತಜ್ಞರ ಅಭಿಪ್ರಾಯ ಒಂದು ಸಲ ಕೇಳಿದರೆ ತಪ್ಪೇನಿಲ್ಲ, ಆಮೇಲೆ ಊರೂರು ಅಲೆಯುವುದು ನಿಲ್ಲಲಿ. ಅವನು ಕೊಡಬೇಕಾದದ್ದು ಸಂಜೆ ಮಗ್ಗದಿಂದ ಎದ್ದ ಮೇಲೆ ಅರ್ಧ ತಾಸು.

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ರಕ್ತಸಂಬಂಧದ ಮದುವೆಗಳಲ್ಲಿ ಇಬ್ಬರಲ್ಲೂ ಅಡಗಿದ್ದ ಒಂದೇ ದೋಷದ ಜೀನ್ ಕೂಡಿಬಿದ್ದು ಮಕ್ಕಳಲ್ಲಿ ಕಾಣಿಸಿಕೊಳ್ಳುವುದುಂಟು. ಹಾಗಿದ್ದರೆ ಅದು ಇಬ್ಬರಿಂದಲೂ ಬಂದದ್ದು, ಇಬ್ಬರ ತಪ್ಪೂ ಅಲ್ಲ. ಅಂಥಲ್ಲಿ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಇನ್ನೊಂದು ಕೂಸಿನ ಯೋಚನೆಗೆ ಮೊದಲು ಜೆನೆಟಿಕ್ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿರಿ.

ಬಾಗಲಕೋಟೆಗೆ ಖಂಡಿತ ಹೋಗು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ನಿಮ್ಮ ಅಂಗನವಾಡಿಗೆ ತಪಾಸಣೆಗೆ ಬರುವ ಡಾಕ್ಟರ ತಂಡ ಅದರದ್ದೇ. ಅವರ ಚೀಟಿ ತೆಗೆದುಕೊಂಡು ಜಿಲ್ಲಾ ಆಸ್ಪತ್ರೆಯಲ್ಲಿ ಡಿ.ಇ.ಐ.ಸಿ, ಅಂದರೆ ಡಿಸ್ಟ್ರಿಕ್ಟ್ ಅರ್ಲಿ ಇಂಟರ್ವೆನ್ಷನ್ ಸೆಂಟರ್, ಎಂದು ಕೇಳು. ಇಂಥ ಸಣ್ಣ ಮಕ್ಕಳ ತಪಾಸಣೆ, ತರಬೇತಿಗೆಂದೇ ಮಾಡಿದ ವ್ಯವಸ್ಥೆ ಅದು, ಖರ್ಚಿಲ್ಲ. ಪಂಚಾಯಿತಿ, ಪುರಸಭೆಗಳಿಗೆ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಕಾರ್ಡಿನ ಅರ್ಜಿಗೆ ಅವರ ಸಹಾಯ ಪಡೆ. ಆ ಕಾರ್ಡನ್ನು ಯಾರೂ ಮನೆ ಬಾಗಿಲಿಗೆ ಅಂಟಿಸುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಇಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ, ನಿಮಗೆ ಬೇಕಾದಲ್ಲಿ ಉಚಿತ ಶಿಕ್ಷಣ. ಅದನ್ನು ಕೇಳುವ ದಿನ ಈ ಕಾರ್ಡು ಕೈಯಲ್ಲಿರಬೇಕು.

ಅಜ್ಜಿಯ ಮೇಲೆ ಸಿಟ್ಟು ಮಾಡಬೇಡ. ಅವರು ಹೇಳುವ ಗದಗಿನ ಆಶ್ರಮ, ಅಂಧ ಮಕ್ಕಳಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮವನ್ನು ನೆನೆದರೆ ನಮ್ಮ ಕಡೆಯ ಯಾರ ಕೈಯೂ ಮುಗಿಯುತ್ತದೆ. ಆದರೆ ಅವರಿಗೆ ಇದೊಂದು ಹೇಳು. ಪುಟ್ಟರಾಜ ಗವಾಯಿಗಳಿಗೆ ಕಣ್ಣು ಹೋದದ್ದು ಕೂಸಿದ್ದಾಗಲೇ. ಪಂಚಾಕ್ಷರಿ ಗವಾಯಿಗಳ ಹತ್ತಿರ ಹೋಗುವ ಮೊದಲೇ ಅವರು ಸೋದರಮಾವನ ಮನೆಯಲ್ಲಿ ಹಾರ್ಮೋನಿಯಂ ಮೇಲೆ ಬೆರಳಾಡಿಸಿ ಸ್ವರ ಹುಡುಕುತ್ತಿದ್ದರು. ಆ ಮಾವ ಪೆಟ್ಟಿಗೆ ಮುಟ್ಟಬೇಡ ಎಂದು ಮೂಲೆಯಲ್ಲಿ ಮಲಗಿಸಿರಲಿಲ್ಲ. ಹಾಗೇ ಅಜ್ಜಿ ರೊಟ್ಟಿ ಬಡಿಯುವಾಗ ಒಲೆಯಿಂದ ದೂರ, ಆದರೆ ಸದ್ದು ಕೇಳುವಷ್ಟು ಹತ್ತಿರ ಕೂಸನ್ನು ಕೂರಿಸಿ ಒಂದು ಉಂಡೆ ಹಿಟ್ಟು ಕೈಗೆ ಕೊಡಲು ಹೇಳು. ಬಾಗಲಕೋಟೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗು, ಅಲ್ಲಿ ಬೇರೆ ಮನೆಗಳ ಅಜ್ಜಿಯರೂ ಬಂದಿರುತ್ತಾರೆ.

ಮುಟ್ಟುವ ಮುನ್ನ ಹೆಸರು ಹಿಡಿದು ಕರೆ ಎಂದೆನಲ್ಲ. ನಿನ್ನ ಪತ್ರದ ತುಂಬ ಕೂಸು, ಕೂಸು ಎಂದಷ್ಟೇ ಇದೆ. ಏನು ಹೆಸರಿಟ್ಟಿದ್ದೀರಿ? ಮುಂದಿನ ಪತ್ರದಲ್ಲಿ ಬರೆ.